ಅರ್ಧ ಗಂಟೆಯ ಗೆಳತಿಯರು

ವಾರದ ನಡುವೆ ಯಾವುದಾದರೂ ಒಂದು ದಿನ ಮಧ್ಯಾಹ್ನ ಹನ್ನೆರಡೂವರೆಗೆ ಬೆಂಗಳೂರಿನ ಊಟದ ಹೋಟೆಲಿಗೆ ಹೋಗಿ ನೋಡಿ. ಆಫೀಸಿನವರ ನೂಕುನುಗ್ಗಲು ಶುರುವಾಗುವ ಮೊದಲೇ ಎರಡು ಮೇಜು ಜೋಡಿಸಿಕೊಂಡು ಕೂತ, ತಲೆ ನರೆತವರ ಗುಂಪೊಂದು ಅಲ್ಲಿರುತ್ತದೆ. ಬ್ಯಾಂಕಿನವರಿರಬಹುದು, ಎಲ್‌ಐಸಿಯವರಿರಬಹುದು, ಟೀಚರುಗಳಿರಬಹುದು, ನಮ್ಮ ಹಾಗೆ ಕಾರ್ಖಾನೆಯವರೂ ಇರಬಹುದು. ಒಬ್ಬರಿಗೆ ಸಕ್ಕರೆ ಇಲ್ಲದ ಕಾಫಿ, ಇನ್ನೊಬ್ಬರಿಗೆ ಉಪ್ಪಿಲ್ಲದ ಮಜ್ಜಿಗೆ, ಬಿಲ್ಲು ಬಂದ ಮೇಲೆ ಯಾರದೆಷ್ಟು ಎಂಬ ಲೆಕ್ಕ. ಸಪ್ಲೈಯರ್ ಹುಡುಗರು ಈ ಗುಂಪನ್ನು ಬಾಗಿಲಲ್ಲೇ ಗುರುತಿಸುತ್ತಾರೆ. ಆ ಮೇಜು ಇನ್ನೆರಡು ಗಂಟೆ ಏಳುವುದಿಲ್ಲ ಎಂದು ಅವರಿಗೆ ಗೊತ್ತು.

ಇದು ಮೊದಲಿನಿಂದಲೂ ಇದ್ದ ಪದ್ಧತಿ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ನಮ್ಮ ತಂದೆ ಮೈಸೂರು ಸರ್ಕಾರದಲ್ಲಿ ಗುಮಾಸ್ತರಾಗಿದ್ದರು. ಅವರ ಕಾಲದವರು ಬೆಳಗ್ಗೆ ಒಂಬತ್ತೂವರೆಗೇ ಅನ್ನ, ಸಾರು, ಮಜ್ಜಿಗೆಯ ಪೂರ್ತಿ ಊಟ ಮುಗಿಸಿ ಕಚೇರಿಗೆ ಹೊರಡುತ್ತಿದ್ದರು. ಮಧ್ಯಾಹ್ನ ತಿಂಡಿ, ಕಾಫಿ. ಮತ್ತೆ ಊಟ ರಾತ್ರಿಗೆ. ಹೋಟೆಲುಗಳೂ ಆ ಹೊಟ್ಟೆಯ ಗಡಿಯಾರಕ್ಕೆ ತಕ್ಕಂತೆಯೇ ನಡೆಯುತ್ತಿದ್ದವು. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದದ್ದು ಬ್ರಾಹ್ಮಣರ ಕಾಫಿ ಕ್ಲಬ್. ಅದು 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಆಯಿತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಹೆಸರು ಮಾಡಿರುವುದು ದೋಸೆಗೆ. ಹೋಟೆಲಿನಲ್ಲಿ ಊಟ ಮಾಡುವವರೆಂದರೆ ಕೋರ್ಟಿಗೆ ಬಂದ ಪರಊರಿನವರು, ರೂಮು ಮಾಡಿಕೊಂಡ ಬ್ರಹ್ಮಚಾರಿಗಳು, ಹೆಂಡತಿ ಬಾಣಂತನಕ್ಕೆ ತವರಿಗೆ ಹೋದವರು. ಮನೆ ಇದ್ದವನು ಹೋಟೆಲಿನಲ್ಲಿ ಉಂಡರೆ ಅಕ್ಕಪಕ್ಕದವರು ಮನೆಯ ಸ್ಥಿತಿ ವಿಚಾರಿಸುತ್ತಿದ್ದರು.

ಹಾಗಾದರೆ ಆ ಕಾಲದ ರಿಟೈರಾದವರು ಸ್ನೇಹಿತರನ್ನು ನೋಡುತ್ತಿರಲಿಲ್ಲವೆ? ನೋಡುತ್ತಿದ್ದರು, ಸಂಜೆ ಹೊತ್ತು. ಸಾಹಿತಿ ಮಾಸ್ತಿಯವರು ನಿವೃತ್ತಿಯ ನಂತರ ದಶಕಗಳ ಕಾಲ ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟಾಡಲು ನಡೆದು ಹೋಗುತ್ತಿದ್ದುದು ಊರಿಗೇ ಗೊತ್ತು. ದೊಡ್ಡ ಅಧಿಕಾರಿಗಳಿಗೆ ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿಸಿದ ಸೆಂಚುರಿ ಕ್ಲಬ್ ಇತ್ತು. ನಮ್ಮ ತಂದೆಯಂಥವರಿಗೆ ಪಾರ್ಕಿನ ಕಲ್ಲುಬೆಂಚು. ಇವೆಲ್ಲ ಗಂಡಸರ ಜಾಗಗಳು, ಎಲ್ಲವೂ ಊಟವಿಲ್ಲದ ಜಾಗಗಳು. ಹೆಂಗಸರಿಗೆ ಪಕ್ಕದ ಮನೆಯ ಜಗಲಿ, ದೇವಸ್ಥಾನ, ಮದುವೆ ಮನೆ. ರಿಟೈರಾಗುವುದೆಂಬುದೇ ಅವರಿಗಿರಲಿಲ್ಲವಲ್ಲ.

ಮಧ್ಯಾಹ್ನದ ಊಟ, ಅದೂ ಮನೆಯ ಹೊರಗೆ, ಮನೆಯವರಲ್ಲದವರ ಜೊತೆ. ಈ ಅಭ್ಯಾಸವನ್ನು ಬೆಂಗಳೂರಿಗೆ ಕಲಿಸಿದ್ದು ಕಾರ್ಖಾನೆ ಎಂಬುದು ನನ್ನ ವಾದ. 1940ರಲ್ಲಿ ವಿಮಾನ ಕಾರ್ಖಾನೆ ಎಚ್‌ಎಎಲ್ ಬಂತು. 1948ರಲ್ಲಿ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಐಟಿಐ ಹುಟ್ಟಿದ ಅದೇ 1948ರಲ್ಲಿ ಕಾರ್ಖಾನೆ ಕಾಯ್ದೆಯೂ ಹುಟ್ಟಿತು. ಐದು ಗಂಟೆ ಕೆಲಸ ಮಾಡಿಸಿದ ಮೇಲೆ ಕಡೇಪಕ್ಷ ಅರ್ಧ ಗಂಟೆ ಬಿಡುವು ಕೊಡಲೇಬೇಕು ಎನ್ನುತ್ತಿತ್ತು ಅದರ 55ನೇ ಕಲಮು. 250ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಸರ್ಕಾರವು ಕ್ಯಾಂಟೀನ್ ಕಡ್ಡಾಯ ಮಾಡಬಹುದು ಎನ್ನುತ್ತಿತ್ತು 46ನೆಯದು. ಆ ಕ್ಯಾಂಟೀನಿನ ಆಡಳಿತ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರಬೇಕಿತ್ತು. ಸಾರು ತೆಳ್ಳಗಾದರೆ ಕೂಗಾಡುವ ಹಕ್ಕನ್ನು ಕಾನೂನೇ ಕೊಟ್ಟಿತ್ತು, ನಾವು ಅದನ್ನು ಧಾರಾಳವಾಗಿ ಬಳಸಿಕೊಂಡೆವು.

ನಾನು ಐಟಿಐಗೆ ಸೇರಿದ್ದು 1978ರಲ್ಲಿ, ಕಾಯಿಲ್ ವೈಂಡಿಂಗಿಗೆ. ಕೂದಲೆಳೆಯಷ್ಟು ಸಣ್ಣ ತಂತಿಯನ್ನು ರಿಲೇಯ ಸುರುಳಿಗೆ ಸುತ್ತುವ ಕೆಲಸ. ಹೆಂಗಸರ ಬೆರಳು ಇಂಥದ್ದಕ್ಕೆ ಒಳ್ಳೆಯದು ಎಂದು ಮೇಲಿನವರು ನಂಬಿದ್ದರು. ಎಚ್‌ಎಂಟಿಯಲ್ಲಿ ವಾಚ್ ಜೋಡಿಸುವ ಕಡೆಯೂ ಅದೇ ನಂಬಿಕೆ, ಅಲ್ಲೂ ಸಾಲುಸಾಲು ಹೆಂಗಸರು. ನಂಬಿಕೆ ನಿಜವೋ ಸುಳ್ಳೋ, ನಮಗೆ ಕೆಲಸ ಸಿಕ್ಕಿತು. ಕೆಲಸದ ಜೊತೆಗೆ ಒಂದು ಊಟದ ಮೇಜೂ ಸಿಕ್ಕಿತು.

ಈ ಮೇಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೆಷಿನ್ ಶಾಪಿನ ಗಂಡಸರಿಗೆ ಪಾಳಿ ಬದಲಾಗುತ್ತಿತ್ತು. ಈ ವಾರ ಒಟ್ಟಿಗೆ ಉಂಡವರು ಮುಂದಿನ ವಾರ ಬೇರೆ ಬೇರೆ. ಹೆಂಗಸರನ್ನು ಸಂಜೆ 7ರಿಂದ ಬೆಳಗ್ಗೆ 6ರವರೆಗೆ ದುಡಿಸಬಾರದು ಎಂದು ಕಾಯ್ದೆಯ 66ನೇ ಕಲಮು ಹೇಳುತ್ತಿತ್ತು. ಅದರಿಂದ ರಾತ್ರಿ ಪಾಳಿಯ ಭತ್ಯೆ ನಮಗೆ ತಪ್ಪಿತು, ನಿಜ. ಆದರೆ ವರ್ಷಗಟ್ಟಲೆ ಅದೇ ಹೊತ್ತಿಗೆ, ಅದೇ ಬೆಂಚಿನಲ್ಲಿ, ಅದೇ ಮುಖಗಳ ಎದುರಿಗೆ ಕೂತು ಉಂಡೆವು. ಇನ್ನೊಂದು ನಿಯಮವಿತ್ತು. ಅನೇಕ ರಾಜ್ಯಗಳ ಕಾರ್ಖಾನೆ ನಿಯಮಗಳ ಪ್ರಕಾರ ಕ್ಯಾಂಟೀನಿನ ಊಟದ ಹಾಲಿನಲ್ಲಿ ಹೆಂಗಸರಿಗಾಗಿ ಒಂದು ಭಾಗವನ್ನು ಅಡ್ಡಗಟ್ಟಿ ಮೀಸಲಿಡಬೇಕಿತ್ತು. ಮರ್ಯಾದೆಗೆಂದು ಮಾಡಿದ ಅಡ್ಡಗೋಡೆ ನಮ್ಮ ಸ್ವಂತ ಸಾಮ್ರಾಜ್ಯವಾಯಿತು. ಆ ಮೂಲೆಯಲ್ಲಿ ನಾವು ಮಾತಾಡಿದ್ದನ್ನು ಸೂಪರ್‌ವೈಸರ್ ಕೇಳುವ ಹಾಗಿರಲಿಲ್ಲ, ಗಂಡಂದಿರು ಮೊದಲೇ ಕೇಳುವ ಹಾಗಿರಲಿಲ್ಲ.

ಆ ಮೇಜಿನಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲವೂ ಇತ್ತು, ಸ್ವಲ್ಪ ದಖನಿ ಉರ್ದುವೂ. ಹೆಸರಿಗಿಂತ ಡಿಪಾರ್ಟ್‌ಮೆಂಟೇ ಗುರುತು. 'ವೈರಿಂಗ್ ಅಕ್ಕ', 'ಪ್ಲೇಟಿಂಗ್ ಅಮ್ಮ', 'ಸ್ಟೋರ್ಸ್ ಟೀಚರ್' (ಆಕೆ ಎಂದೂ ಟೀಚರ್ ಆಗಿರಲಿಲ್ಲ, ಮಾತಿನ ಧಾಟಿ ಹಾಗಿತ್ತು). ಅನ್ನ ಸಾಂಬಾರು ಕ್ಯಾಂಟೀನಿನದು, ಪಲ್ಯ ಚಟ್ನಿ ಉಪ್ಪಿನಕಾಯಿ ಮನೆಯ ಡಬ್ಬಿಯದು. ಮೊದಮೊದಲು ಒಬ್ಬಾಕೆ ತನ್ನ ಮೊಸರನ್ನದ ಡಬ್ಬಿಯನ್ನು ಬೆಂಚಿನ ತುದಿಗೆ ಒಯ್ದು, ನಮ್ಮ ಕಡೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ನಾವು ಯಾರೂ ಏನೂ ಅನ್ನಲಿಲ್ಲ. ಒಂದು ಮಳೆಗಾಲ ಆಕೆ ಜ್ವರ ಬಂದು ಎದ್ದಿದ್ದಳು, ವೈರಿಂಗ್ ಅಕ್ಕ ಮೆಣಸಿನ ರಸಂ ಬಿಸಿಬಿಸಿ ತಂದುಕೊಟ್ಟಳು. ಕುಡಿದಳು. ಆಮೇಲೆ ಅವಳ ಮೊಸರನ್ನಕ್ಕೆ ನಾವೇ ಕಿತ್ತಾಡುವಂತಾಯಿತು. ಈ ದೇಶದಲ್ಲಿ ಸಹಭೋಜನ ಎಂಬ ಹೆಸರಿಟ್ಟು ದೊಡ್ಡವರು ಚಳವಳಿ ಮಾಡಿದ್ದಾರೆ. ನಮ್ಮಲ್ಲಿ ಅದನ್ನು ಸೈರನ್ನು ಮಾಡಿಸಿತು. ಅರ್ಧ ಗಂಟೆಯಲ್ಲಿ ಮಡಿ ನೋಡುತ್ತಾ ಕೂತರೆ ಊಟ ಮುಗಿಯುವುದಿಲ್ಲ.

ಕಾರ್ಖಾನೆಯ ಗೇಟಿನ ಆಚೆ ಕಥೆಯೇ ಬೇರೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗಲು ಜಾತಿ ಧರ್ಮಗಳಷ್ಟೇ ಅಲ್ಲ, ಲಿಂಗವೂ ಅಡ್ಡಿಯಾಗಬಾರದು ಎನ್ನುತ್ತದೆ. 1950ರಿಂದಲೇ ಇರುವ ಮಾತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದ ಮೇಲೆ ಜಾತಿಯ ಕಾರಣಕ್ಕೆ ಹೋಟೆಲಿಗೆ ಸೇರಿಸದಿದ್ದರೆ ಶಿಕ್ಷೆಯೂ ಉಂಟು. ಹೆಂಗಸರನ್ನಂತೂ ಯಾರೂ ಬಾಗಿಲಲ್ಲಿ ತಡೆಯುತ್ತಿರಲಿಲ್ಲ. ಫ್ಯಾಮಿಲಿ ರೂಮಿಗೆ ಕಳಿಸುತ್ತಿದ್ದರು, ಅಷ್ಟೆ. ಈಗಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗುತ್ತದೆ. ಹೋಟೆಲಿನ ಹಿಂಭಾಗದಲ್ಲೋ ಮಹಡಿಯಲ್ಲೋ ಮರದ ಹಲಗೆಯಿಂದ ಅಡ್ಡ ಮಾಡಿದ ಸಣ್ಣ ಗೂಡು, ಬಾಗಿಲಿಗೆ ಪರದೆ ಅಥವಾ ತಳ್ಳಿದರೆ ತೆರೆಯುವ ಅರ್ಧ ಬಾಗಿಲು, ಒಳಗೆ ನಾಲ್ಕು ಕುರ್ಚಿ. ಗಂಡನೋ ಅಣ್ಣನೋ ಜೊತೆಗಿದ್ದರೆ ಅದು ಸಲೀಸು. ಐದಾರು ಹೆಂಗಸರು, ಗಂಡಸರಿಲ್ಲದೆ ಬಂದರೆ? ಮಾಣಿ ನಮ್ಮ ಹಿಂದೆ ಇಣುಕಿ ನೋಡುತ್ತಿದ್ದ, ಯಜಮಾನರು ಇನ್ನೂ ಬರುತ್ತಿದ್ದಾರೇನೋ ಎಂದು.

ಆದರೂ ಹೋಗುತ್ತಿದ್ದೆವು, ಚೀಟಿಯ ನೆಪದಲ್ಲಿ. ನಮ್ಮ ಸೆಕ್ಷನ್ನಿನಲ್ಲಿ ಸಂಬಳದ ದಿನ ಚೀಟಿ ಕೂಗುತ್ತಿದ್ದರು. ಎತ್ತಿದವರು ಉಳಿದವರಿಗೆ ತಿಂಡಿ ಕೊಡಿಸುವುದು ಕಟ್ಟಳೆ. ಚೀಟಿ ಎತ್ತಿದವಳಿಗೆ ಹಣದ ಅವಸರವಿರುತ್ತದೆ, ಅವಳ ಕೈಯಿಂದಲೇ ತಿಂಡಿ ಕಿತ್ತುಕೊಳ್ಳುವುದು ಯಾವ ನ್ಯಾಯ ಎಂದು ಈಗ ಅನ್ನಿಸುತ್ತದೆ. ಆಗ ಮಸಾಲೆದೋಸೆಯ ಮುಂದೆ ನ್ಯಾಯ ಹೊಳೆಯುತ್ತಿರಲಿಲ್ಲ. ಬೈಟು ಕಾಫಿ ಹೇಳಿ, ಬಸ್ಸಿನ ಹೊತ್ತಿಗೆ ಎದ್ದುಬಿಡುತ್ತಿದ್ದೆವು.

ನಗರದ ಮಧ್ಯೆ ಬಯಲಲ್ಲಿ ಕೂತು ಮೊದಲು ಉಂಡದ್ದು ಮುಷ್ಕರದಲ್ಲಿ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ, 77 ದಿನ, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಎಲ್ಲ ನಿಂತುಹೋದವು. ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ಗೆ ಸಮನಾದ ಸಂಬಳ ನಮಗೂ ಬೇಕೆಂಬುದು ಬೇಡಿಕೆ. ಲಕ್ಷಕ್ಕೂ ಮೀರಿ ಜನ ಹೊರಗಿದ್ದರು. ಕೆಲಸವಿಲ್ಲ, ಸಂಬಳವಿಲ್ಲ, ಕ್ಯಾಂಟೀನೂ ಇಲ್ಲ. ಸಭೆಗೋ ಮೆರವಣಿಗೆಗೋ ಬಂದ ದಿನ ಡಬ್ಬಿ ತರುತ್ತಿದ್ದೆವು, ಮರದ ಕೆಳಗೆ ಗುಂಪಾಗಿ ಕೂತು ತೆಗೆಯುತ್ತಿದ್ದೆವು. ಅನ್ನ ಹೋಗಿ ರಾಗಿ ಮುದ್ದೆಯಾಯಿತು, ಪಲ್ಯ ಹೋಗಿ ಹುಚ್ಚೆಳ್ಳು ಚಟ್ನಿಯಾಯಿತು. ಆ ಮುಷ್ಕರ ಗೆದ್ದಿತೋ ಸೋತಿತೋ ಎಂದು ಇವತ್ತಿಗೂ ಗಂಡಸರು ವಾದ ಮಾಡುತ್ತಾರೆ. ಬೇಡಿಕೆ ಈಡೇರದೆ ಒಳಗೆ ಹೋದದ್ದನ್ನು ನಾನಂತೂ ಗೆಲುವು ಎನ್ನಲಾರೆ. ಆದರೆ ಪೇಟೆಯ ನಡುವೆ ಎಲ್ಲರೂ ನೋಡುವಂತೆ ಕೂತು ಉಣ್ಣಲು ನಮಗೆ ಇದ್ದ ನಾಚಿಕೆ ಆ ಚಳಿಗಾಲದಲ್ಲಿ ಹೋಯಿತು.

ಇನ್ನೆರಡು ವರ್ಷಕ್ಕೆ, 1983ರಲ್ಲಿ, ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದರು. ಕುರ್ಚಿಯಿಲ್ಲ, ಮಾಣಿಯಿಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರಿನಲ್ಲಿ ತಟ್ಟೆ ಎತ್ತಿಕೊಳ್ಳಿ, ನಿಂತು ತಿನ್ನಿ. ಅಡುಗೆ ಮಾಡುವುದು ಕಣ್ಣೆದುರಿಗೇ ಕಾಣುತ್ತದೆ. ಇದನ್ನು ನೋಡಿ ಬೀದಿಬೀದಿಗೆ ದರ್ಶಿನಿ, ಸಾಗರ್‌ಗಳು ಎದ್ದವು. ಕೂತು ತಿನ್ನುವ ಸುಖ ಹೋಯಿತು ಎಂದು ಹಿರಿಯರು ಗೊಣಗಿದ್ದನ್ನು ಎಷ್ಟೋ ಸಲ ಓದಿದ್ದೇನೆ. ನನಗೆ ಆ ಗೊಣಗಾಟ ಒಪ್ಪಿಗೆಯಿಲ್ಲ. ದರ್ಶಿನಿಯಲ್ಲಿ ಫ್ಯಾಮಿಲಿ ರೂಮ್ ಇರಲಿಲ್ಲ, ಇರಲು ಜಾಗವೇ ಇರಲಿಲ್ಲ. ಒಬ್ಬ ಹೆಂಗಸು ಒಂಟಿಯಾಗಿ ಬಂದು ಇಡ್ಲಿ ತಿಂದು ಹೋದರೆ ಅಲ್ಲಿ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ, ಎಲ್ಲರಿಗೂ ಅವಸರ. ಪರದೆಯನ್ನು ತೆಗೆದದ್ದು ಯಾವ ಸುಧಾರಕರೂ ಅಲ್ಲ, ಬಾಡಿಗೆಯ ಲೆಕ್ಕ.

ಅಷ್ಟರಲ್ಲಿ ನಮ್ಮ ಕಾಯಿಲ್ಲಿಗೇ ಸಂಚಕಾರ ಬಂತು. ರಿಲೇ ಬೇಕಿದ್ದ ಹಳೆಯ ಸ್ಟ್ರೌಜರ್ ಟೆಲಿಫೋನ್ ಎಕ್ಸ್‌ಚೇಂಜ್ ಹೋಯಿತು, ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. ರಿಲೇ ಬೇಡ, ಸುರುಳಿ ಬೇಡ, ಅದನ್ನು ಸುತ್ತುವ ಬೆರಳೂ ಬೇಡ. ನಗರದ ಸರ್ಕಾರಿ ಕಾರ್ಖಾನೆಗಳಲ್ಲಿ ಒಂದಾದ ಮೇಲೊಂದು ಸ್ವಯಂ ನಿವೃತ್ತಿ ಯೋಜನೆ, ವಿಆರ್‌ಎಸ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಬಂತು. ನಾನು ವಿಆರ್‌ಎಸ್ ತೆಗೆದುಕೊಂಡು ಮನೆಗೆ ಬಂದೆ. ಮೊದಲ ವಾರ ಹಬ್ಬದಂತಿತ್ತು. ಆಮೇಲೆ ಹನ್ನೆರಡು ಗಂಟೆಗೆ ಸರಿಯಾಗಿ ಹಸಿವಾಗುತ್ತಿತ್ತು, ಎದುರಿಗೆ ಯಾರೂ ಇರುತ್ತಿರಲಿಲ್ಲ.

ಮತ್ತೆ ನಮ್ಮನ್ನು ಒಟ್ಟು ಸೇರಿಸಿದ್ದು ಪಿಂಚಣಿ. ನಮ್ಮದು ಸರ್ಕಾರಿ ನೌಕರರ ಪಿಂಚಣಿಯಲ್ಲ. 1995ರ ನವೆಂಬರಿನಲ್ಲಿ ಜಾರಿಗೆ ಬಂದ, ಭವಿಷ್ಯ ನಿಧಿ ಕಚೇರಿಯ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ಒಳ್ಳೆಯ ಹೋಟೆಲಿನಲ್ಲಿ ನಾಲ್ಕು ಜನ ಎಲೆ ಊಟ ಮಾಡಿದರೆ ಮುಗಿಯುವ ಹಣ. ಈ ಪಿಂಚಣಿ ಮುಂದುವರಿಯಬೇಕಾದರೆ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ತಾನು ಬದುಕಿದ್ದೇನೆ ಎಂದು ಬರೆದುಕೊಡಬೇಕಿತ್ತು. ಆ ಸಾಲಿನಲ್ಲಿ ಪ್ಲೇಟಿಂಗ್ ಅಮ್ಮ ಸಿಕ್ಕಳು. ಅವಳ ಹಿಂದೆ ಮೊಸರನ್ನದವಳು. "ಬದುಕಿದ್ದೀಯೇನೇ?" ಎಂದಳು ಪ್ಲೇಟಿಂಗ್ ಅಮ್ಮ. "ಇನ್ನೂ ಸಹಿ ಆಗಿಲ್ಲ ಕಣೇ, ಗೊತ್ತಿಲ್ಲ" ಎಂದಳು ಇವಳು. ಸಹಿ ಆದ ಮೇಲೆ ಮೂವರೂ ಪಕ್ಕದ ಹೋಟೆಲಿಗೆ ಹೋಗಿ ಊಟ ಮಾಡಿದೆವು. ಮುಂದಿನ ವರ್ಷ ಫೋನು ಮಾಡಿಕೊಂಡು ಒಂದೇ ದಿನ ಬಂದೆವು. ಇಂಥ ಸಾಲುಗಳಲ್ಲಿ ಹುಟ್ಟಿದ ಊಟದ ಗುಂಪುಗಳು ನನಗೆ ಗೊತ್ತಿರುವಂತೆ ನಮ್ಮದೊಂದೇ ಅಲ್ಲ. ಬಿಇಎಲ್‌ನವರು, ಎಚ್‌ಎಂಟಿಯವರು ಹೇಳುವ ಕಥೆಯೂ ಹೀಗೇ. ಈಗ ಮೊಬೈಲಿಗೆ ಮುಖ ತೋರಿಸಿದರೆ ಬದುಕಿರುವುದು ದಾಖಲಾಗುತ್ತದೆ. ಸಾಲು ಕರಗಿತು, ಊಟ ತಿಂಗಳಿಗೊಂದಾಯಿತು.

ಯಾಕೆ ಊಟವೇ, ಸಂಜೆ ಕಾಫಿ ಯಾಕಲ್ಲ ಎಂದು ಕೇಳುವವರಿಗೆ ಮೊಮ್ಮಕ್ಕಳಿಲ್ಲ ಎಂದೇ ಅರ್ಥ. ಬೆಳಗ್ಗೆ ಶಾಲೆಯ ವ್ಯಾನು ಹತ್ತಿಸಬೇಕು, ಮೂರೂವರೆಗೆ ಇಳಿಸಿಕೊಳ್ಳಬೇಕು. ಮಗ, ಸೊಸೆ ಬರುವುದು ರಾತ್ರಿಗೆ. ನಡುವೆ ಉಳಿಯುವುದು ಹನ್ನೊಂದರಿಂದ ಮೂರು. ಕಾರ್ಖಾನೆ ಬಿಟ್ಟರೂ ಪಾಳಿ ಬಿಡಲಿಲ್ಲ. ಗಂಡಸರ ಗುಂಪುಗಳಿಗೆ ಈ ತಾಪತ್ರಯ ಕಡಿಮೆ, ಅದಕ್ಕೇ ಅವರ ಸಭೆ ಸಂಜೆಗೂ ಜಾರುತ್ತದೆ, ಗ್ಲಾಸಿಗೂ ಜಾರುತ್ತದೆ.

ಎಲ್ಲಿ ಸೇರುವುದು ಎಂಬುದನ್ನು ನಿರ್ಧರಿಸುವುದು ಮೂರು ಸಂಗತಿ: ಮಂಡಿ, ಬಸ್ಸು, ಎಷ್ಟು ಹೊತ್ತು ಕೂರಲು ಬಿಡುತ್ತಾರೆ ಎನ್ನುವುದು. ಮಂಡಿಯ ದೆಸೆಯಿಂದ ದರ್ಶಿನಿ ಹೋಯಿತು. ಒಂದು ಕಾಲದಲ್ಲಿ ನಮ್ಮನ್ನು ಪರದೆಯಿಂದ ಬಿಡಿಸಿದ ಆ ನಿಂತು ತಿನ್ನುವ ಮೇಜಿನ ಮುಂದೆ ಈಗ ಐದು ನಿಮಿಷ ನಿಲ್ಲಲಾಗದು. 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ ಊಟ 10 ರೂಪಾಯಿಗೆ ಸಿಗುತ್ತಿತ್ತು, ಪಿಂಚಣಿಗೆ ಹೇಳಿ ಮಾಡಿಸಿದ ಬೆಲೆ, ಆದರೆ ಅಲ್ಲೂ ನಿಲ್ಲಬೇಕು. ಎಂಟಿಆರಿನಲ್ಲಿ ಊಟ ಚೆಂದ, ಒಂದಾದ ಮೇಲೊಂದು ಬಡಿಸುತ್ತಾರೆ. ಆದರೆ ಹೊರಗೆ ಜನ ಕಾಯುತ್ತಿರುವಾಗ ಹರಟೆ ಹೊಡೆಯಲು ಮನಸ್ಸು ಬರುವುದಿಲ್ಲ, ಸೋಮವಾರ ರಜೆ ಬೇರೆ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ ನಮಗೆಲ್ಲ ಒಪ್ಪಿಗೆಯಾಗಿತ್ತು. 1954ರಿಂದ ನಡೆದ ಆ ಹೋಟೆಲು 2023ರ ಡಿಸೆಂಬರಿನಲ್ಲಿ ಮುಚ್ಚಿತು. ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಲ್ಲಿ ಬಾಳೆಲೆಯ ಮೇಲೆ ಪಪ್ಪು, ಪುಡಿ, ತುಪ್ಪ ಬರುತ್ತದೆ. ತಿನ್ನುವವರಿಗೆ ಮಾಂಸವೂ ಉಂಟು. ಮಾಂಸದವರೂ ಸಸ್ಯಾಹಾರಿಗಳೂ ಒಂದೇ ಮೇಜಿನಲ್ಲಿ ಕೂರಬಹುದಾದ್ದರಿಂದ ನಮ್ಮಂಥ ಮಿಶ್ರ ಗುಂಪಿಗೆ ಅದೇ ಲೇಸು. ಮಿಲಿಟರಿ ಹೋಟೆಲಿಗೆ ಒಮ್ಮೆ ಹೋಗೋಣ ಎಂದು ವೈರಿಂಗ್ ಅಕ್ಕ ಹೇಳುತ್ತಲೇ ಇದ್ದಾಳೆ. ಮೊಸರನ್ನದವಳು ಬರುತ್ತೇನೆ ಎನ್ನುತ್ತಾಳೆ, ನಾವೇ ಅವಳನ್ನು ನಂಬುತ್ತಿಲ್ಲ.

ಬಸ್ಸಿನ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಅದೇ ವರ್ಷ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗಿನ ಮೆಟ್ರೊ ಕೊಂಡಿ ಕೂಡಿಕೊಂಡು, ದೂರವಾಣಿನಗರದ ಕಡೆಯವರು ನೇರವಾಗಿ ಎಂ.ಜಿ. ರಸ್ತೆಗೆ ಬರುವಂತಾಯಿತು. ಬಸ್ಸು ಪುಕ್ಕಟೆ, ನಿಧಾನ. ಮೆಟ್ರೊ ಬೇಗ, ದುಡ್ಡು. ಬೇಗ ಹೋಗಿ ಮಾಡುವುದೇನಿದೆ ಎನ್ನುವವರು ಬಸ್ಸಿನಲ್ಲಿ ಬರುತ್ತಾರೆ, ಬಸ್ಸಿನಲ್ಲೇ ಅರ್ಧ ಮಾತು ಮುಗಿಸಿಬಿಡುತ್ತಾರೆ. ಈ ಯೋಜನೆಯ ಮೇಲೆ ಟಿವಿಯಲ್ಲಿ ಆಗುವ ಚರ್ಚೆಯನ್ನು ನಾನು ಕೇಳಿದ್ದೇನೆ. ಹೆಂಗಸರು ಸುಮ್ಮನೆ ತಿರುಗುತ್ತಾರೆ ಎಂಬುದು ಅದರ ಮೇಲಿನ ದೂರು. ಹೌದು, ತಿರುಗುತ್ತೇವೆ. ಮಾಸ್ತಿಯವರ ಕ್ಲಬ್ಬಿಗೆ ಯಾರೂ ಕಾರಣ ಕೇಳಲಿಲ್ಲ.

ಖರ್ಚಿಗೆ ಚೀಟಿಯೇ ಇನ್ನೂ ಗತಿ, ನಿಯಮ ಮಾತ್ರ ತಿದ್ದಿದ್ದೇವೆ. ಎಲ್ಲರೂ ತಿಂಗಳಿಗಿಷ್ಟು ಹಾಕುತ್ತಾರೆ, ಊಟದ ಬಿಲ್ಲು ಅದರಿಂದ. ಹಾಕಲಾಗದ ತಿಂಗಳು ಸ್ಟೋರ್ಸ್ ಟೀಚರ್ ಕಿವಿಯಲ್ಲಿ ಹೇಳಿದರೆ ಸಾಕು, ಲೆಕ್ಕದ ಪುಸ್ತಕ ಅವಳ ಹತ್ತಿರವೇ ಇರುತ್ತದೆ, ಅವಳ ಬಾಯಿ ಸ್ಟೋರ್ಸಿನ ಬೀಗದಷ್ಟೇ ಭದ್ರ. ಕೊರೊನಾದಲ್ಲಿ ಇದೂ ನಿಂತಿತ್ತು. 2020ರ ಜೂನ್ 8ರಿಂದ ಹೋಟೆಲಿನಲ್ಲಿ ಕೂತು ತಿನ್ನಬಹುದು ಎಂದರೂ ನಮ್ಮನ್ನು ಮಕ್ಕಳು ಬಿಡಲಿಲ್ಲ. ಮತ್ತೆ ಸೇರಿದಾಗ ಎರಡು ಮೇಜು ಬೇಕಾಗಲಿಲ್ಲ. ಆ ದಿನ ಯಾರೂ ಸಿಹಿ ಹೇಳಲಿಲ್ಲ.

ಈಚೆಗೆ ನಮ್ಮ ಮೆಷಿನ್ ಶಾಪಿನ ಗಂಡಸರ ಗುಂಪಿನಿಂದ ಒಂದು ಪ್ರಸ್ತಾಪ ಬಂದಿದೆ. ಅವರಲ್ಲಿ ಜನ ಕಡಿಮೆಯಾಗಿದ್ದಾರಂತೆ, ಉಳಿದವರಲ್ಲಿ ಇಬ್ಬರಿಗೆ ಮುಷ್ಕರದ ವಿಷಯದಲ್ಲಿ ಮಾತು ಬಿಟ್ಟುಹೋಗಿದೆಯಂತೆ. ಎರಡು ಗುಂಪೂ ಒಂದಾಗೋಣ, ಒಂದೇ ಮೇಜು ಸಾಕು ಎಂದರು. ಹೆಂಗಸರೆಲ್ಲ ಕೂತು ಗಂಭೀರವಾಗಿ ಚರ್ಚಿಸಿದೆವು. ಪ್ಲೇಟಿಂಗ್ ಅಮ್ಮ ಖಡಾಖಂಡಿತ ಬೇಡ ಎಂದಳು. ಅವರು ಬಂದರೆ 77 ದಿನದ ಕಥೆ ಮೊದಲಿನಿಂದ ಶುರುವಾಗುತ್ತದೆ, ನಮ್ಮ ಮಾತಿಗೆ ಜಾಗವಿರುವುದಿಲ್ಲ ಎಂಬುದು ಅವಳ ತಕರಾರು. ಸ್ಟೋರ್ಸ್ ಟೀಚರ್ ಒಂದು ಒಪ್ಪಂದದ ಕರಡು ಮಾಡಿದ್ದಾಳೆ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಅವರು ಬರಬಹುದು. ಮುಷ್ಕರದ ಮಾತು ಎತ್ತುವ ಹಾಗಿಲ್ಲ. ಬಿಲ್ಲು ಅವರದು. ಕೊನೆಯ ಷರತ್ತಿಗೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ.